ಅದು ಕಳೆ ಅಲ್ಲ ಸರ್, ಕಾಡು

ನಮ್ಮ ಜಿಲ್ಲೆಯಲ್ಲಿ ಹೋಂಸ್ಟೇಗಳಿಗೆ ಪರವಾನಗಿ ಕೊಡುವ ಅಧಿಕಾರಿಗಳಿಗೆ,

ವಿಷಯ: ಪರವಾನಗಿ ಅರ್ಜಿಯಲ್ಲಿ ಕಾಡಿಗೂ ಒಂದು ಕಾಲಂ ಬೇಕು ಎನ್ನುವ ಬಗ್ಗೆ

ಮಾನ್ಯರೇ,

ಹೋದ ಅಕ್ಟೋಬರ್‌ನಲ್ಲಿ ನಿಮ್ಮ ಕಚೇರಿಯಿಂದ ಇಬ್ಬರು ನಮ್ಮ ಮನೆಗೆ ತಪಾಸಣೆಗೆ ಬಂದಿದ್ದರು. ಕೋಣೆ ಎಣಿಸಿದರು. ನಾಲ್ಕು. ಹಾಸಿಗೆ ಎಣಿಸಿದರು. ಬಚ್ಚಲಿಗೆ ಹೋಗಿ ಹಂಡೆ ನೋಡಿ, ಗೀಸರ್ ಯಾಕಿಲ್ಲ ಅಂತ ಕೇಳಿದರು. ಬೆಂಕಿ ಆರಿಸುವ ಸಿಲಿಂಡರ್‌ನ ತಾರೀಖು ನೋಡಿದರು. ಆಮೇಲೆ ಜಗಲಿಯಲ್ಲಿ ಕೂತು ಕಷಾಯ ಕುಡಿದರು. ಇಬ್ಬರಲ್ಲಿ ಹಿರಿಯರಾದವರು ಮನೆಯ ಹಿಂದಕ್ಕೆ ಕೈ ಮಾಡಿ, "ಎಲ್ಲಾ ಚೆನ್ನಾಗಿದೆ ಮೇಡಂ. ಹಿಂದುಗಡೆ ಕಳೆ ಸ್ವಲ್ಪ ಜಾಸ್ತಿ ಆಯ್ತು. ಒಂದು ದಿನ ಜೆಸಿಬಿ ಕರೆಸಿ ಕ್ಲೀನ್ ಮಾಡಿಸಿಬಿಡಿ. ನಾಲ್ಕು ಕಾರು ನಿಲ್ಲಿಸೋಕೂ ಜಾಗ ಆಗತ್ತೆ" ಅಂದರು.

ಅವರು ಕೈ ಮಾಡಿದ್ದು ನಮ್ಮ ಸೊಪ್ಪಿನ ಬೆಟ್ಟದ ಕಡೆಗೆ. ಅಲ್ಲಿ ಮತ್ತಿ ಇದೆ, ನಂದಿ ಇದೆ, ನೇರಳೆ, ಮುರುಗಲು, ಉಪ್ಪಾಗೆ ಇದೆ. ಹತ್ತು ಹನ್ನೆರಡು ವರ್ಷ ಬೆಂಕಿ ಬೀಳದ ಹಾಗೆ ಕಾದದ್ದಕ್ಕೆ ಎದ್ದು ನಿಂತ ಕಾಡು ಅದು. "ಅದು ಕಳೆ ಅಲ್ಲ ಸರ್, ಕಾಡು" ಅಂತ ನಾನು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಪರವಾನಗಿ ಬೇಕಿತ್ತಲ್ಲ. "ಆಯ್ತು ಸರ್, ನೋಡೋಣ" ಅಂದೆ. ಆವತ್ತು ನುಂಗಿಕೊಂಡ ಮಾತನ್ನು ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ಬೆಟ್ಟ ಸರ್ಕಾರದ್ದು. ಅಡಿಕೆ ತೋಟಕ್ಕೆ ಸೊಪ್ಪು, ದರಕು ಅಂದರೆ ಉದುರಿದ ಒಣ ಎಲೆ, ತರುವ ಹಕ್ಕು ಮಾತ್ರ ನಮ್ಮದು. ನಿಮ್ಮವರ ಮಾತು ಕೇಳಿ ನಾನು ಜೆಸಿಬಿ ಇಳಿಸಿದ್ದರೆ ಅರಣ್ಯ ಇಲಾಖೆಯವರು ನನ್ನ ಮೇಲೆ ಕೇಸು ಹಾಕುತ್ತಿದ್ದರು. ಹಾಕಿದ್ದರೆ ಅದು ಸರಿಯಾಗಿಯೂ ಇರುತ್ತಿತ್ತು. ಅಂದರೆ ಒಂದು ಕಚೇರಿ ಮಾಡಿ ಅನ್ನುವ ಕೆಲಸಕ್ಕೆ ಇನ್ನೊಂದು ಕಚೇರಿ ಜೈಲು ತೋರಿಸುತ್ತದೆ. ನಡುವೆ ಕಷಾಯ ಕೊಟ್ಟವಳು ನಾನು.

ಬಂದವರ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯ ಮನುಷ್ಯರು. ಕಾಲಿಗೆ ಕಚ್ಚಿದ್ದ ಉಂಬಳವನ್ನು ನಮ್ಮ ಅತ್ತೆ ಸುಣ್ಣ ಮುಟ್ಟಿಸಿ ಬಿಡಿಸಿದಾಗ ಮಗುವಿನ ಹಾಗೆ ನಕ್ಕರು. ತಕರಾರು ಇರುವುದು ಅವರ ಕೈಯಲ್ಲಿದ್ದ ಫಾರಂ ಬಗ್ಗೆ. ಕೋಣೆ ಎಷ್ಟು, ಕಮೋಡ್ ಇದೆಯಾ, ಗಾಡಿ ನಿಲ್ಲಿಸಲು ಜಾಗ ಇದೆಯಾ, ಸಿಸಿ ಕ್ಯಾಮೆರಾ ಇದೆಯಾ. ಕೊನೆಯ ಸಾಲಿನವರೆಗೂ ಹುಡುಕಿದೆ. ಮನೆ ಇರುವುದು ಪೇಟೆಯಲ್ಲಾ, ಕಾಡಂಚಿನಲ್ಲಾ ಅಂತ ಕೇಳುವ ಪ್ರಶ್ನೆ ಒಂದೂ ಇಲ್ಲ. ಇಂಥ ಫಾರಂ ಹಿಡಿದು ನಿಂತವರ ಕಣ್ಣಿಗೆ ಕಾಡು ಕಳೆಯ ಹಾಗೆ ಕಂಡರೆ ತಪ್ಪು ಅವರದ್ದಲ್ಲ, ಅಲ್ವಾ?

ಅರ್ಜಿ ಕೊಡುವಾಗಲೇ ನಾನು ಅದಕ್ಕೆ ಒಂದು ಹಾಳೆ ಹೆಚ್ಚಿಗೆ ಸೇರಿಸಿದ್ದೆ. ನಮ್ಮ ಮಗಳು ಕೈಯಲ್ಲಿ ಬರೆದ ಬೆಟ್ಟದ ನಕ್ಷೆ. ಹಳ್ಳ ಎಲ್ಲಿ, ಬೆಂಕಿ ಹಬ್ಬದ ಹಾಗೆ ಗುಡಿಸಿಟ್ಟ ಬೆಂಕಿ ಗೆರೆ ಎಲ್ಲಿ, ಮಂಗಟ್ಟೆ ಹಕ್ಕಿಯ (ಹಾರ್ನ್‌ಬಿಲ್) ಗೂಡಿರುವ ತಾರೆ ಮರ ಎಲ್ಲಿ ಅಂತ ಬಣ್ಣದ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಕೌಂಟರಿನಲ್ಲಿದ್ದವರು ಪಿನ್ನು ಕಿತ್ತು, ಆ ಹಾಳೆಯೊಂದನ್ನು ನನ್ನ ಕೈಗೇ ವಾಪಸ್ ಕೊಟ್ಟರು. "ಇದು ಬೇಡ ಮೇಡಂ. ಸುಮ್ನೆ ಫೈಲು ದಪ್ಪ ಆಗತ್ತೆ."

ನಾವು ಯಾಕೆ ಈ ಕೆಲಸಕ್ಕೆ ಇಳಿದೆವು ಅಂತ ಸ್ವಲ್ಪ ಹೇಳಬೇಕು. ದೊಡ್ಡ ಆದರ್ಶ ಏನೂ ಇರಲಿಲ್ಲ. ಎರಡು ಮಳೆಗಾಲ ಒಂದರ ಹಿಂದೊಂದು ಕೊಳೆ ರೋಗ ಬಂದು ಅಡಿಕೆ ಉದುರಿ ಹೋಯಿತು. ಸಾಲ ಇತ್ತು. ಹಳೆಯ ಮನೆ ದೊಡ್ಡದಿತ್ತು, ಜನ ಕಡಿಮೆ ಇದ್ದರು. ಉಪ್ಪರಿಗೆಯ ಕೋಣೆಗಳನ್ನು ಗುಡಿಸಿ, ಸುಣ್ಣ ಬಳಿದು, 2012ರಲ್ಲಿ ಮೊದಲ ಅತಿಥಿಗಳನ್ನು ಇಳಿಸಿಕೊಂಡೆವು. ಅದೇ ವರ್ಷ ಪಶ್ಚಿಮಘಟ್ಟದ 39 ಜಾಗಗಳನ್ನು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತ್ತು. ಅದರಲ್ಲಿ 10 ನಮ್ಮ ಕರ್ನಾಟಕದವು. ನಮ್ಮೂರು ಆ ಪಟ್ಟಿಯಲ್ಲಿಲ್ಲ. ಆದರೆ ಮೊದಲು ಬಂದ ಗಂಡ ಹೆಂಡತಿ ಪೇಪರಿನಲ್ಲಿ ಆ ಸುದ್ದಿ ಓದಿಯೇ ಕಾಡು ನೋಡಲು ಹೊರಟವರು. ಬೆಳಿಗ್ಗೆ ಎದ್ದು ಅವರು ಬೆಟ್ಟದ ದಾರಿ ಹಿಡಿದಾಗ ನಮ್ಮ ಮಾವ ಜಗಲಿಯಲ್ಲಿ ಕೂತು, "ಸೊಪ್ಪಿನ ಬೆಟ್ಟ ನೋಡೂಕೆ ದುಡ್ಡು ಕೊಡ್ತಾರಾ ಇವ್ರು?" ಅಂತ ಆಶ್ಚರ್ಯಪಟ್ಟಿದ್ದರು.

ಕೊಟ್ಟರು. ಆ ದುಡ್ಡಿನಿಂದಲೇ ಬೆಟ್ಟದ ಹಣೆಬರಹ ಬದಲಾಯಿತು. ಮೊದಲು ವರ್ಷವರ್ಷವೂ ಮರಗಳ ತುದಿ ಸವರಿ ಸೊಪ್ಪು ತರುತ್ತಿದ್ದೆವು. ಮರಗಳೆಲ್ಲ ಬೋಳು ಕಂಬದ ಹಾಗಿದ್ದವು. ಈಗ ಅರ್ಧ ಬೆಟ್ಟದ ಸೊಪ್ಪು ಮುಟ್ಟುವುದಿಲ್ಲ. ಅದರ ಬದಲು ಗೊಬ್ಬರ ಕೊಳ್ಳುತ್ತೇವೆ. ಜನವರಿಯಲ್ಲಿ ದರಕು ಗುಡಿಸಿ ಬೆಂಕಿ ಗೆರೆ ಮಾಡಿಸುತ್ತೇವೆ. ಬೇಸಿಗೆಯಲ್ಲಿ ಇಬ್ಬರಿಗೆ ಕಾವಲಿನ ಕೂಲಿ ಕೊಡುತ್ತೇವೆ. ಲಂಟಾನ ಕಿತ್ತು ಹಾಕಿಸುತ್ತೇವೆ. ಅದು ನಿಜವಾದ ಕಳೆ. ಶುರುವಿನಲ್ಲಿ ಉತ್ಸಾಹದಿಂದ ನರ್ಸರಿ ಮಾಡಿ ಸಾವಿರಾರು ಸಸಿ ನೆಟ್ಟೆವು. ಅದರಲ್ಲಿ ಬದುಕಿದ್ದು ಕಡಿಮೆ. ನೆಟ್ಟದ್ದಕ್ಕಿಂತ ಬಿಟ್ಟದ್ದೇ ಜಾಸ್ತಿ ಬೆಳೆಯಿತು. ಬೇರು ನೆಲದೊಳಗೆ ಇದ್ದೇ ಇರುತ್ತದೆ. ಬೆಂಕಿ ಮತ್ತು ಕತ್ತಿ ದೂರ ಇದ್ದರೆ ತಾನಾಗಿ ಚಿಗುರುತ್ತದೆ. ಇದನ್ನು ತಿಳಿಯಲು ನಮಗೆ ಐದು ವರ್ಷ ಬೇಕಾಯಿತು, ಅತ್ತೆಗೆ ಮೊದಲೇ ಗೊತ್ತಿತ್ತು. ನಾವು ಕೇಳಿರಲಿಲ್ಲ ಅಷ್ಟೇ.

ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲೇ, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ತಾಲ್ಲೂಕಿನ ಸಾಲ್ಕಣಿಯ ಕಾಡಿನಲ್ಲಿ ಜನ ಮರ ತಬ್ಬಿಕೊಂಡು ಕಡಿತಲೆ ನಿಲ್ಲಿಸಿದರು. ಅಪ್ಪಿಕೋ ಅಂತ ಈಗ ಶಾಲೆಯ ಪುಸ್ತಕದಲ್ಲಿ ಓದುತ್ತಾರೆ. ಅತ್ತೆ ಅಲ್ಲಿಗೆ ಹೋದವರಲ್ಲ. ಸುದ್ದಿ ಕೇಳಿದವರು. ಆದರೂ ಬೆಟ್ಟದಲ್ಲಿ ಯಾರಾದರೂ ಕತ್ತಿ ಮಸೆಯುವ ಸದ್ದಾದರೆ ಇವತ್ತಿಗೂ ಮೊದಲು ಎದ್ದು ಹೋಗುವವರು ಅವರೇ.

ನಮ್ಮಂಥವರು ನಾವೊಬ್ಬರೇ ಅಲ್ಲ. ಕೊಡಗಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಲ್ಲಿ 55 ಎಕರೆ ಕೊಂಡು ಶುರು ಮಾಡಿ, ಸುಮಾರು 300 ಎಕರೆಯನ್ನು ಕಾಡಾಗಿಯೇ ಬಿಟ್ಟರು. ಅವರದ್ದು ದೊಡ್ಡ ಕೆಲಸ, ನಮ್ಮದು ಅಂಗೈಯಗಲದ ಬೆಟ್ಟ. ಆದರೆ ಇಂಥ ಅಂಗೈಯಗಲದ ಜಾಗಗಳು ಮಲೆನಾಡಿನ ತುಂಬ ಇವೆ. ಯಾವ ಕಚೇರಿಯಲ್ಲೂ ಇವುಗಳ ಲೆಕ್ಕ ಇಲ್ಲ. ಸರ್ಕಾರವೇ 1980ರಲ್ಲಿ ಜಂಗಲ್ ಲಾಡ್ಜಸ್ ಅನ್ನುವ ಕಂಪನಿ ಕಟ್ಟಿ, ಕಾಡು ತೋರಿಸಿಯೂ ಕಾಡು ಉಳಿಸಬಹುದು ಅಂತ ಹೊರಟಿತ್ತಲ್ಲ. ನಾವು ಅದೇ ದಾರಿಯಲ್ಲಿ ಕಾಲು ನಡಿಗೆಯಲ್ಲಿ ಬರುತ್ತಿರುವವರು ಅಂದುಕೊಳ್ಳಿ.

ಈಗ ಹಳ್ಳದ ಆಚೆಯ ವಿಷಯ.

ಅಲ್ಲಿ ಮೊದಲು ಗದ್ದೆ ಇತ್ತು. ಗದ್ದೆಯ ಮೇಲೆ ಹಿಡುವಳಿಯ ಗುಡ್ಡ. ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಆ ಮನೆಯವರು ಮಾರಿದರು. ಅವರನ್ನು ನಾನು ದೂರುವುದಿಲ್ಲ. ಮಾರದೆ ಏನು ಮಾಡುತ್ತಿದ್ದರು? ಕೊಂಡವರು ಊರಿನವರಲ್ಲ. ಮೂರು ವರ್ಷದ ಹಿಂದೆ ಅಲ್ಲಿ "ಇಕೋ" ಅಂತ ಶುರುವಾಗುವ ಒಂದು ಹಸಿರು ಬೋರ್ಡ್ ಎದ್ದಿತು. ಈಗ ಅಲ್ಲಿ ಇಪ್ಪತ್ತೆರಡು ಕೋಣೆಗಳಿವೆ. ನಾಲ್ಕು ಬೇರೆ ಬೇರೆ ಹೆಸರಿನಲ್ಲಿ ನಾಲ್ಕು ಹೋಂಸ್ಟೇ ಪರವಾನಗಿ. ಈಜುಕೊಳ ಒಂದೇ, ಅಡುಗೆಮನೆ ಒಂದೇ, ಮಾಲೀಕನೂ ಒಬ್ಬನೇ. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇರಬೇಕು ಅನ್ನುವುದು ಮೊದಲ ಶರತ್ತು. ಕೇಂದ್ರ ಸರ್ಕಾರದ ಹೋಂಸ್ಟೇ ನಿಯಮದಲ್ಲೂ ಇದೆ. ಆ ಮಾಲೀಕನನ್ನು ಮೂರು ವರ್ಷದಲ್ಲಿ ನಾನು ಎರಡು ಸಲ ನೋಡಿದ್ದೇನೆ. ಎರಡೂ ಸಲ ಕಾರಿನ ಗಾಜಿನ ಒಳಗೆ.

ನಮ್ಮ ಬೆಟ್ಟದ "ಕಳೆ" ಕಂಡ ನಿಮ್ಮ ಕಚೇರಿಗೆ ಆಚೆಯ ಇಪ್ಪತ್ತೆರಡು ಕೋಣೆ ಕಾಣಲಿಲ್ಲ.

ನನಗೆ ಹೊಟ್ಟೆಕಿಚ್ಚು ಅಂತ ಹೇಳುವವರಿದ್ದಾರೆ. ಊರಿನಲ್ಲೇ ಹೇಳಿದ್ದಾರೆ. ಸ್ವಲ್ಪ ಇರಲೂಬಹುದು. ಶನಿವಾರ ಅಲ್ಲಿ ಕಾರು ಸಾಲುಗಟ್ಟಿರುವಾಗ ನಮ್ಮ ಎರಡು ಕೋಣೆ ಖಾಲಿ ಇರುತ್ತವೆ. ನಮ್ಮಲ್ಲಿ ಕ್ಯಾಂಪ್ ಫೈರ್ ಇಲ್ಲ, ರೇನ್ ಡ್ಯಾನ್ಸ್ ಇಲ್ಲ, ಹತ್ತು ಗಂಟೆಗೆ ದೀಪ ಆರುತ್ತದೆ. "ತುಂಬಾ ಬೋರ್, ಒಂದೇ ಒಂದು ಸ್ಟಾರ್" ಅಂತ ಒಬ್ಬರು ಬರೆದು ಹೋಗಿದ್ದಾರೆ. ನಮ್ಮೂರಿನ ಏಳು ಹುಡುಗರು ಹಳ್ಳದ ಆಚೆ ಕೆಲಸಕ್ಕಿದ್ದಾರೆ. ಅವರ ಮನೆಯಲ್ಲಿ ಒಲೆ ಉರಿಯುವುದು ಆ ಸಂಬಳದಿಂದ. ಹಾಗಾಗಿ ಆ ಜಾಗವನ್ನು ಮುಚ್ಚಿಸಿ ಅಂತ ಈ ಪತ್ರ ಬರೆಯುತ್ತಿಲ್ಲ. ನಾನು ಹೇಳುವುದು ಬೇರೆ.

ಮಿಂಚುಹುಳದ ಬಗ್ಗೆ ಹೇಳಬೇಕು. ಮೇ ಕೊನೆಯ ವಾರ, ಒಂದೆರಡು ಅಡ್ಡಮಳೆ ಬಿದ್ದ ಮೇಲೆ, ಹಳ್ಳದ ಎರಡೂ ದಡದಲ್ಲಿ ಅವು ಏಳುತ್ತಿದ್ದವು. ಒಂದೊಂದು ಮರಕ್ಕೇ ಸಾವಿರಾರು. ಮೊದಲು ಅಲ್ಲೊಂದು ಇಲ್ಲೊಂದು ಮಿನುಗುತ್ತದೆ. ಕತ್ತಲು ಗಟ್ಟಿಯಾಗುತ್ತ ಬಂದ ಹಾಗೆ ಒಂದರ ತಾಳ ಇನ್ನೊಂದಕ್ಕೆ ಹತ್ತಿ, ಇಡೀ ಮರ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತದೆ. ಪಕ್ಕದ ಮರ ಅದಕ್ಕೆ ಉತ್ತರ ಕೊಟ್ಟ ಹಾಗೆ ಹೊತ್ತುತ್ತದೆ. ನೋಡಲು ಬಂದ ಅತಿಥಿಗಳು ಮಾತು ಬಿಡುತ್ತಿದ್ದರು. ಫೋನಿನಲ್ಲಿ ಹಿಡಿಯಲು ಹೋದರೆ ಬರೀ ಕಪ್ಪು ಬರುತ್ತಿತ್ತು. ಅದೊಂದು ಖುಷಿ ನನಗೆ.

ಅದು ನಮಗಾಗಿ ಮಾಡುವ ದೀಪಾಲಂಕಾರ ಅಲ್ಲ. ಗಂಡು ಹುಳ ಮಿನುಗಿ ಕರೆಯುತ್ತದೆ, ಹೆಣ್ಣು ಮಿನುಗಿ ಉತ್ತರ ಕೊಡುತ್ತದೆ. ಹೀಗೆ ಬೆಳಕಿನಲ್ಲೇ ಒಂದನ್ನೊಂದು ಹುಡುಕಿಕೊಳ್ಳಬೇಕು. ದೊಡ್ಡ ಹುಳವಾಗಿ ಅವು ಬದುಕುವುದು ಕೆಲವೇ ವಾರ. ಅಷ್ಟರೊಳಗೆ ಜೋಡಿ ಸಿಗದಿದ್ದರೆ ಮುಗಿಯಿತು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಮರಿ ಹುಳವಾಗಿ ಹಸಿ ಮಣ್ಣಿನಲ್ಲಿ, ದರಕಿನ ಅಡಿಯಲ್ಲಿ, ಬಸವನ ಹುಳು ತಿಂದು ಬೆಳೆಯುತ್ತವೆ. ಅಂದರೆ ಮಿಂಚುಹುಳ ಬೇಕು ಅಂದರೆ ಎರಡು ಬೇಕು. ಕೆದಕದ ನೆಲ, ಕೆಡದ ಕತ್ತಲೆ.

ಹಳ್ಳದ ಆಚೆ ಈಗ ರಾತ್ರಿಯಿಡೀ ಉರಿಯುವ ಆರು ಫ್ಲಡ್‌ಲೈಟ್‌ಗಳಿವೆ. ಎರಡರ ಮುಖ ನಮ್ಮ ಬೆಟ್ಟದ ಕಡೆಗೇ ಇದೆ. "ಸೆಕ್ಯೂರಿಟಿಗೆ ಮೇಡಂ, ಕಾಡುಕೋಣ ಬರತ್ತೆ" ಅಂದರು ಅಲ್ಲಿಯ ಮ್ಯಾನೇಜರ್. ಕಾಡುಕೋಣ ಬರಲಿ ಅಂತಲೇ ಅಲ್ವಾ ಬೋರ್ಡಿನ ಮೇಲೆ ಅದರ ಚಿತ್ರ ಬರೆಸಿದ್ದು? ದಡದ ಮಣ್ಣನ್ನು ಜೆಸಿಬಿಯಲ್ಲಿ ಎತ್ತಿ, ಕಲ್ಲು ಕಟ್ಟಿ, ಲಾನ್ ಹಾಕಿದ್ದಾರೆ. ಆ ಜಾಗದಲ್ಲಿ ಎರಡು ಅಪ್ಪೆಮಿಡಿ ಮರ ಇದ್ದವು. ಈಗ ಇಲ್ಲ. ಹೋದ ಮೇ ಕೊನೆಯಲ್ಲಿ ನಮ್ಮ ಮಗಳು ಹಳ್ಳದ ಕಡೆ ಹೋಗಿ ಒಂದು ತಾಸು ಕೂತು ಬಂದಳು. ಎಷ್ಟು ಕಂಡಿತು ಅಂತ ಕೇಳಿದೆ. "ಎಣಿಸಿದೆ ಅಮ್ಮ. ಹದಿನೇಳು" ಅಂದಳು. ಮರ ಅಲ್ಲ, ಹುಳ. ಮೊದಲು ಎಣಿಸಲು ಆಗುತ್ತಲೇ ಇರಲಿಲ್ಲ.

ಸದ್ದಿನ ಕಥೆ ಬೇಗ ಮುಗಿಸುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಜನವಸತಿ ಇರುವಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಪೊಲೀಸರಿಗೆ ಮೂರು ಸಲ ಫೋನ್ ಮಾಡಿದೆವು. ಬಂದರು, ಸದ್ದು ತಗ್ಗಿತು, ಅವರ ಜೀಪು ತಿರುವು ದಾಟುವಷ್ಟರಲ್ಲಿ ಮತ್ತೆ ಏರಿತು. ನಾಲ್ಕನೇ ಸಲ ನಾವೇ ಫೋನ್ ಮಾಡಲಿಲ್ಲ.

ಮಂಗಟ್ಟೆಯದ್ದು ಇನ್ನೊಂದು. ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಹೋಗಿ, ಬಾಯಿಯನ್ನು ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಗೆ ಬರುವಷ್ಟು ಸೀಳು ಮಾತ್ರ ಬಿಡುತ್ತದೆ. ಮರಿ ಬೆಳೆಯುವವರೆಗೂ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಅದು ಬರದಿದ್ದರೆ ಒಳಗಿರುವವರಿಗೆ ಉಪವಾಸ. ಹೋದ ಮಾರ್ಚ್‌ನಲ್ಲಿ ಆಚೆಯ ಅತಿಥಿಯೊಬ್ಬರು ಆ ತಾರೆ ಮರದ ಎದುರು ಡ್ರೋನ್ ನಿಲ್ಲಿಸಿದರು. ಬಾಯಲ್ಲಿ ಅತ್ತಿ ಹಣ್ಣು ಇಟ್ಟುಕೊಂಡ ಗಂಡು ಪಕ್ಕದ ಮರದಲ್ಲಿ ನಲವತ್ತು ನಿಮಿಷ ಕೂತಿತ್ತು. ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ. ನಮ್ಮೆಜಮಾನರು ಹಳ್ಳ ದಾಟಿ ಹೋಗಿ ಜಗಳ ಆಡಿದ ಮೇಲೆ ಡ್ರೋನ್ ಇಳಿಯಿತು.

ಇನ್ನು ಧರೆ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ. ಇದು ಹಕ್ಕಿ ಹುಳದ ಮಾತಲ್ಲ, ಜನರ ಪ್ರಾಣದ ಮಾತು. ಇಪ್ಪತ್ತೆರಡು ಕೋಣೆಗೆ ಸಮತಟ್ಟು ಜಾಗ ಮಾಡಲು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದಾರೆ. ಮೂರು ಆಳೆತ್ತರದ ಧರೆ. 2018ರಲ್ಲಿ ಕೊಡಗಿನಲ್ಲಿ ಏನಾಯಿತು ಅಂತ ನೋಡಿದ್ದೇವೆ. 2024ರ ಜುಲೈ ಒಂದೇ ತಿಂಗಳಲ್ಲಿ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಂತು, ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಆ ತಿಂಗಳು ನಾವು ಬುಕಿಂಗ್ ಎಲ್ಲ ರದ್ದು ಮಾಡಿ ದುಡ್ಡು ವಾಪಸ್ ಕೊಟ್ಟೆವು. ಧರೆಯ ಕೆಳಗಿನ ಕೋಣೆಗಳಲ್ಲಿ ಆಗಲೂ ಜನ ಇದ್ದರು. ಪರವಾನಗಿ ಕೊಡುವಾಗ ಸಿಲಿಂಡರಿನ ತಾರೀಖು ನೋಡಿದವರು ಕೋಣೆಯ ಹಿಂದಿನ ಧರೆ ನೋಡಲಿಲ್ಲವಾ?

ಕಾನೂನು ಸಾಕಷ್ಟಿದೆ, ಮೇಲಿನವರು ಮಾಡಬೇಕು ಅಂತ ನೀವು ಹೇಳಬಹುದು. ಮೇಲಿನವರ ಕಥೆ ನಮಗೂ ಗೊತ್ತು. ಪಶ್ಚಿಮಘಟ್ಟ ಉಳಿಸುವ ಬಗ್ಗೆ 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿಯ ವರದಿ ಬಂತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ನಮ್ಮ ರಾಜ್ಯದ 20,668 ಚದರ ಕಿಲೋಮೀಟರ್ ಪರಿಸರ ಸೂಕ್ಷ್ಮ ಪ್ರದೇಶ ಅಂದರು. ಊರೂರಲ್ಲಿ ವಿರೋಧ. ನಮ್ಮ ಮಾವನೂ ಹೋಗಿ ಸಹಿ ಹಾಕಿ ಬಂದರು. "ಕೊಟ್ಟಿಗೆ ಕಟ್ಟೂಕೂ ದಿಲ್ಲಿಗೆ ಅರ್ಜಿ ಹಾಕ್ಬೇಕಂತೆ" ಅನ್ನುವ ಭಯ ಅವರದ್ದು. ಆ ಭಯವನ್ನು ಹೋಗಲಾಡಿಸಲು ಯಾರೂ ನಮ್ಮ ಜಗಲಿಗೆ ಬಂದು ಕೂತು ಮಾತಾಡಲಿಲ್ಲ. 2024ರಲ್ಲಿ ರಾಜ್ಯದ ಸಚಿವ ಸಂಪುಟ ಕಸ್ತೂರಿರಂಗನ್ ವರದಿ ಬೇಡ ಅಂತ ತೀರ್ಮಾನಿಸಿತು. ವರದಿ ಬಂದರೆ ರೈತ ಊರು ಬಿಡಬೇಕಾಗುತ್ತದೆ ಅಂದಿದ್ದರು. ವರದಿ ಬರಲಿಲ್ಲ. ಹಳ್ಳದ ಆಚೆಯ ರೈತ ಊರು ಬಿಟ್ಟ.

ಅಷ್ಟು ದೊಡ್ಡ ಜಗಳವನ್ನು ನಿಮ್ಮ ಮೇಜಿನ ಮೇಲೆ ಇಡುವುದಿಲ್ಲ. ನಿಮ್ಮ ಕೈಯಲ್ಲಿರುವುದು ಒಂದು ಫಾರಂ ಮತ್ತು ಒಂದು ಸೀಲು. ನಾನು ಕೇಳುವುದೂ ಅಷ್ಟರೊಳಗಿನದ್ದೇ.

ಫಾರಂನಲ್ಲಿ ಕಾಡಿಗೆ ಜಾಗ ಕೊಡಿ. ಮನೆ ಕಾಡಂಚಿನಲ್ಲಿದ್ದರೆ ಸುತ್ತ ಏನಿದೆ, ಹಳ್ಳ ಎಷ್ಟು ದೂರ, ಕೊಳೆ ನೀರು ಎಲ್ಲಿಗೆ ಹೋಗುತ್ತದೆ, ಎಷ್ಟು ಮರ ಕಡಿದು ಕಟ್ಟಿದ್ದು ಅಂತ ಕೇಳಿ. ತಪಾಸಣೆಗೆ ಬರುವಾಗ ಅರಣ್ಯ ಇಲಾಖೆಯವರನ್ನೂ ಪಂಚಾಯ್ತಿಯವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಮೂವರೂ ಒಂದೇ ಜಗಲಿಯಲ್ಲಿ ಕೂತರೆ ಒಬ್ಬರು ಮಾಡಿ ಅಂದದ್ದಕ್ಕೆ ಇನ್ನೊಬ್ಬರು ಕೇಸು ಹಾಕುವ ಪ್ರಮೇಯ ಬರುವುದಿಲ್ಲ. ಕಷಾಯ ನಾನು ಮೂವರಿಗೂ ಕೊಡುತ್ತೇನೆ.

ಮನೆಯವರು ವಾಸ ಇಲ್ಲದ ಕಡೆ ಹೋಂಸ್ಟೇ ಪರವಾನಗಿ ಕೊಡಬೇಡಿ. ಅದು ರೆಸಾರ್ಟ್ ಆದರೆ ರೆಸಾರ್ಟ್ ಅಂತಲೇ ಬರೆಯಿರಿ. ರೆಸಾರ್ಟಿಗೆ ಇರುವ ತೆರಿಗೆ, ಕೊಳೆ ನೀರಿನ ವ್ಯವಸ್ಥೆ, ಎಲ್ಲ ನಿಯಮ ಹಾಕಿ. ಗುಡ್ಡ ಕಡಿದು ಕಟ್ಟಿದ ಕಟ್ಟಡಕ್ಕೆ ಭೂವಿಜ್ಞಾನಿಗಳು ನೋಡಿ ಸರಿ ಅನ್ನುವವರೆಗೆ ಮಳೆಗಾಲದಲ್ಲಿ ಜನ ಇಳಿಸಲು ಬಿಡಬೇಡಿ. ಇದೊಂದನ್ನು ಈ ಜೂನ್ ಒಳಗೇ ಮಾಡಿ. ಉಳಿದದ್ದು ತಡವಾದರೂ ನಡೆಯುತ್ತದೆ.

ಬೆಳಕಿನ ಬಗ್ಗೆ ಒಂದು ಶರತ್ತು ಸೇರಿಸಿ. ಕಾಡಿಗೆ, ಹಳ್ಳಕ್ಕೆ ಮುಖ ಮಾಡಿದ ಫ್ಲಡ್‌ಲೈಟ್ ಬೇಡ. ಹೊರಗಿನ ದೀಪಕ್ಕೆ ಮೇಲ್ಮುಚ್ಚು ಇರಲಿ, ಬೆಳಕು ನೆಲಕ್ಕೆ ಮಾತ್ರ ಬೀಳಲಿ, ಹತ್ತರ ಮೇಲೆ ಆರಲಿ. ಇದು ಆಗದ ಕೆಲಸ ಅಂತ ಹೇಳಬೇಡಿ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಾಷ್ಟ್ರೀಯ ಹೆದ್ದಾರಿಯನ್ನೇ ಮುಚ್ಚುತ್ತಿದ್ದಾರೆ. ಎರಡು ರಾಜ್ಯಗಳ ಓಡಾಟ ನಿಲ್ಲಿಸಲು ಸಾಧ್ಯವಾದರೆ ಆರು ಬಲ್ಬು ಆರಿಸಲು ಆಗುವುದಿಲ್ಲವಾ? ಜನರ ಸಂಖ್ಯೆಗೂ ಹಾಗೆಯೇ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್, ದಿನಕ್ಕೆ ಇಷ್ಟೇ ಜನ ಅಂತ ಮಾಡಿದರು. ಮಾಡಬೇಕು ಅನ್ನಿಸಿದಾಗ ಆಗುತ್ತದೆ.

ಮಂಗನ ಕಾಯಿಲೆಯ ಬಗ್ಗೆಯೂ ಹೇಳಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಇವತ್ತಿಗೂ ಡಿಸೆಂಬರ್‌ನಿಂದ ಮೇವರೆಗೆ ನಮ್ಮನ್ನು ಕಾಡುತ್ತದೆ. ಉಣುಗು ಕಚ್ಚಿದರೆ ಬರುವುದು. ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದರೆ ನಾವು ಅತಿಥಿಗಳನ್ನು ಬೆಟ್ಟಕ್ಕೆ ಬಿಡುವುದಿಲ್ಲ. ಬುಕಿಂಗ್ ಹೋದರೂ ಚಿಂತೆಯಿಲ್ಲ. ಆದರೆ ಆ ಸುದ್ದಿ ನಮಗೆ ಬರುವುದು ಹಾಲಿನ ಡೇರಿಯಲ್ಲಿ. ಆರೋಗ್ಯ ಇಲಾಖೆಗೆ ಗೊತ್ತಾದ ದಿನವೇ ಆ ಭಾಗದ ಎಲ್ಲ ಹೋಂಸ್ಟೇಗಳಿಗೆ ಒಂದು ಮೆಸೇಜ್ ಹೋಗುವ ಹಾಗೆ ಮಾಡಿ. ನಮ್ಮೆಲ್ಲರ ಫೋನ್ ನಂಬರ್ ನಿಮ್ಮ ಫೈಲಿನಲ್ಲಿ ಇದೆಯಲ್ಲ.

"ಇಕೋ" ಅನ್ನುವ ಪದವನ್ನು ಬೋರ್ಡಿನಲ್ಲಿ ಬರೆಯುವ ಮೊದಲು ಅದಕ್ಕೆ ಏನು ಮಾಡಿದ್ದೀರಿ ಅಂತ ಒಂದು ಪ್ರಶ್ನೆ ಕೇಳಿ. ನಮ್ಮನ್ನೂ ಕೇಳಿ. ನಾವೇನೂ ಶುದ್ಧ ಅಲ್ಲ. ಮೊದಲ ವರ್ಷ ಅಂಗಳದ ಸುತ್ತ ನಾವೂ ಸೀರಿಯಲ್ ಲೈಟ್ ಕಟ್ಟಿದ್ದೆವು. ಹಕ್ಕಿ ಫೋಟೊ ತೆಗೆಯುವವರಿಗೆ ಅಂತ ಎರಡು ವರ್ಷ ಹಣ್ಣು ಕಟ್ಟಿ ಕರೆದೆವು, ಕೋತಿಗಳು ಬಂದು ಅಡುಗೆಮನೆಯವರೆಗೆ ನುಗ್ಗಿದ ಮೇಲೆ ಬಿಟ್ಟೆವು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಹೋದಾಗ ಈಗಲೂ ಡೀಸೆಲ್ ಜನರೇಟರ್ ಹಚ್ಚುತ್ತೇವೆ. ಅತಿಥಿಗಳು ತರುವ ನೀರಿನ ಬಾಟಲಿಗಳನ್ನು ಮೂಟೆ ಕಟ್ಟಿ ಪೇಟೆಗೆ ಒಯ್ದರೆ ಅಲ್ಲಿಂದ ಅವು ಎಲ್ಲಿಗೆ ಹೋಗುತ್ತವೆ ಅಂತ ನನಗೆ ಗೊತ್ತಿಲ್ಲ. ಇದೆಲ್ಲ ಬರೆದುಕೊಳ್ಳಿ. ಕಡಿಮೆ ಮಾರ್ಕ್ಸ್ ಕೊಡಿ. ಆದರೆ ಹಾಳೆಯ ಮೇಲೆ ಆ ವಿಷಯ ಇರಲಿ.

ಸಬ್ಸಿಡಿ ಕೇಳುತ್ತಿಲ್ಲ. ಪ್ರಶಸ್ತಿ ಬೇಡ. ಕಾಡು ಉಳಿಸಿಕೊಂಡವರಿಗೆ ಬೋರ್ಡಿನಲ್ಲಿ ಹಾಕಲು ಒಂದು ಸರ್ಕಾರಿ ಗುರುತು ಕೊಟ್ಟರೆ ಅತಿಥಿಗಳಿಗೆ ಎರಡು ಹಸಿರು ಬೋರ್ಡುಗಳ ನಡುವಿನ ವ್ಯತ್ಯಾಸ ತಿಳಿಯುತ್ತದೆ. ಅದು ಪುಕ್ಕಟೆ ಆಗುವ ಕೆಲಸ.

ನಮ್ಮ ಪರವಾನಗಿಯ ನವೀಕರಣ ಈ ತಿಂಗಳು ಬಂದಿದೆ. ಅರ್ಜಿ ತುಂಬಿದ್ದೇನೆ. ಹತ್ತು ಪುಟ. ಗೀಸರ್ ಕಾಲಂನಲ್ಲಿ "ಇಲ್ಲ, ಹಂಡೆ ಇದೆ" ಅಂತ ಬರೆದಿದ್ದೇನೆ. ಪಾರ್ಕಿಂಗ್ ಕಾಲಂನಲ್ಲಿ "ಎರಡು ಕಾರಿಗೆ" ಅಂತ ಬರೆದಿದ್ದೇನೆ, ಅದು ನಾಲ್ಕು ಆಗುವುದಿಲ್ಲ. ಮಗಳ ನಕ್ಷೆಯನ್ನು ಮತ್ತೆ ಕೊನೆಗೆ ಸೇರಿಸಿದ್ದೇನೆ. ಈ ಸಲ ಪಿನ್ನು ಹೊಡೆದಿಲ್ಲ, ಸೂಜಿ ದಾರದಲ್ಲಿ ಹೊಲಿದಿದ್ದೇನೆ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಾನೇ ಕೌಂಟರಿಗೆ ತರುತ್ತೇನೆ. ಸ್ವೀಕೃತಿ ಕೊಡುವಾಗ ಪುಟದ ಲೆಕ್ಕ ಹನ್ನೊಂದು ಅಂತ ಬರೆದು ಸೀಲು ಹಾಕಿ ಕೊಡಬೇಕಾಗಿ ವಿನಂತಿ.

ಇಂತಿ ನಿಮ್ಮ ವಿಶ್ವಾಸಿ,
ಹಳ್ಳದ ಈಚೆ ದಡದ ನಾಲ್ಕು ಕೋಣೆಯ ಮನೆಯವಳು